ಜಪಾನಿ ಕ್ಲಾಸಿನಲ್ಲಿ ಅಂತ್ಯಾಕ್ಷರಿ

ಜಪಾನಿ ಭಾಷೆಯ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಮಾತಾಡುವ ಭಾಗವೇ ಇಲ್ಲ. ಓದಬೇಕು, ಕೇಳಿಸಿಕೊಳ್ಳಬೇಕು, ಸರಿಯುತ್ತರಕ್ಕೆ ಗುರುತು ಹಾಕಬೇಕು, ಅಷ್ಟೇ. ಹಾಗಾಗಿ ಅದರ ಮೊದಲ ಹಂತವಾದ ಎನ್‌5 ಪಾಸಾದವರೂ ಜಪಾನಿನವರು ಎದುರಿಗೆ ಬಂದರೆ ಸುಮ್ನೆ ತಲೆಯಾಡಿಸಿ ನಗುತ್ತಾರೆ. ತಪ್ಪು ಅವರದ್ದಲ್ಲ, ನನ್ನಂಥ ಮೇಷ್ಟ್ರುಗಳದ್ದು. ಮೊದಲ ವರ್ಷ ನಾನು ಬೋರ್ಡಿನ ತುಂಬ ವ್ಯಾಕರಣ ಬರೆದು, ಅದನ್ನೂ ಇಂಗ್ಲಿಷಿನಲ್ಲಿ ವಿವರಿಸಿ, ಇಡೀ ಸಂಜೆ ಬ್ಯಾಚನ್ನು ತೂಕಡಿಸುವಂತೆ ಮಾಡಿದ್ದೆ. ಈಗ ಕನ್ನಡದವರೇ ಜಾಸ್ತಿ ಇರುವ ಕ್ಲಾಸಿನಲ್ಲಿ ಬೇರೆ ದಾರಿ ಹಿಡಿದಿದ್ದೇನೆ.

ಮೊದಲು ಅಕ್ಷರ. ಜಪಾನಿಯ ಮೊದಲ ಲಿಪಿಪಾಠವಾದ ಹಿರಗಾನದ ಮೂಲ ಅಕ್ಷರಗಳು 46. ಪುಸ್ತಕ ತೆಗೆಸಬೇಡಿ, ಬಾಯಲ್ಲಿ ಹೇಳಿಸಿ: ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. "ಅರೆ, ನಮ್ಮ ವರ್ಣಮಾಲೆ ಥರಾನೇ ಇದೆ!" ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಇರಲೇಬೇಕು, ಬೌದ್ಧ ಭಿಕ್ಷುಗಳ ಜೊತೆ ಅಲ್ಲಿಗೆ ಹೋದ ಸಂಸ್ಕೃತದ ಅಕ್ಷರಪಾಠದ ಪ್ರಭಾವ ಅದು. ಇನ್ನು ಕರುತಾ ಅನ್ನೋ ಕಾರ್ಡಿನಾಟ ಆಡಿಸಿ. ನಾಲ್ಕು ಜನರ ಗುಂಪು, ನೆಲದ ಮೇಲೆ ಹದಿನೈದು ಕಾರ್ಡು. ನೀವು ಶಬ್ದ ಕೂಗಬೇಕು, ಮೊದಲು ಕೈ ಬಡಿದವರಿಗೆ ಕಾರ್ಡು. ಒಂದು ಕಿತಾಪತಿ: ನೆ, ರೆ, ವ ಮೂರನ್ನೂ ಪಕ್ಕಪಕ್ಕ ಇಡಿ. ನೋಡೋಕೆ ಮೂರೂ ಅಣ್ಣತಮ್ಮಂದಿರು.

ಅಕ್ಷರ ಪೂರ್ತಿ ಬಂದ ಮೇಲೆ ಶಿರಿತೊರಿ. ಹೆಸರು ಕೇಳಿ ಹೆದರಬೇಡಿ, ಇದು ನಮ್ಮ ಅಂತ್ಯಾಕ್ಷರಿಯೇ, ಹಾಡಿನ ಬದಲು ಪದ. ಸಕುರಾ ಅಂದರೆ ರಾಜಿಓ, ರಾಜಿಓಗೆ ಒನಿಗಿರಿ, ಅದಕ್ಕೆ ರಿಂಗೊ. 'ನ್' ಇಂದ ಶುರುವಾಗುವ ಜಪಾನಿ ಪದ ಇಲ್ಲ, ಆದ್ದರಿಂದ ಯಾರ ಪದ 'ನ್' ಇಂದ ಮುಗಿಯುತ್ತದೋ ಅವರು ಔಟ್. ರಿಂಗೊ ಆದ ಕೂಡಲೇ ಹಸಿದವರೊಬ್ಬರು ಗೊಹಾನ್, ಅಂದರೆ ಊಟ, ಅಂತಾರೆ, ಊಟವೂ ಇಲ್ಲ, ಆಟವೂ ಮುಗೀತು.

ವಾಕ್ಯಕ್ಕೆ ಬಂದಾಗ ದಯವಿಟ್ಟು ಇಂಗ್ಲಿಷ್ ಬದಿಗಿಡಿ. ನಾಲ್ವರಿಗೆ ಒಂದೊಂದು ಚೀಟಿ ಕೊಟ್ಟು ಸಾಲಾಗಿ ನಿಲ್ಲಿಸಿ: ವತಾಶಿ ವ, ಮೈಸೂರು, ನಿ, ಇಕಿಮಸ್. ಅವರ ಎದುರಿಗೆ ಇನ್ನೊಂದು ಸಾಲು: ನಾನು, ಮೈಸೂರಿ, ಗೆ, ಹೋಗುತ್ತೇನೆ. ಯಾರೂ ಜಾಗ ಬದಲಿಸಬೇಕಾಗಿಲ್ಲ, ಅಲ್ವಾ? 'ವ' ಅನ್ನೋದಕ್ಕೆ ಮಾತ್ರ ನಮ್ಮಲ್ಲಿ ಸರಿಯಾದ ಜೋಡಿ ಸಿಗುವುದಿಲ್ಲ. ಈಗ 'ನಿ' ಹಿಡಿದವರನ್ನು ಕೂರಿಸಿ 'ಕಾರಾ' ತನ್ನಿ, ಅಂದರೆ 'ಇಂದ'. ಕೊನೆಯ ಚೀಟಿ ತಾನಾಗಿ ಬದಲಾಗಬೇಕು, ಇಕಿಮಸ್ ಹೋಗಿ ಕಿಮಸ್, 'ಬರುತ್ತೇನೆ'. ಅದನ್ನು ನೀವು ಹೇಳಬೇಡಿ, ಕ್ಲಾಸೇ ಕೂಗಲಿ.

ಎಣಿಕೆಗೆ ಅಂಗಡಿ ಆಟ ಇಡಿ. ಜಪಾನಿಯಲ್ಲಿ ಪೆನ್ಸಿಲ್ ಎಣಿಸುವುದೇ ಬೇರೆ, ಹಾಳೆ ಎಣಿಸುವುದೇ ಬೇರೆ. ಇದನ್ನು ಕೇಳಿದವರು ಗೊಣಗುತ್ತಾರೆ. ಆಗ ಕೇಳಿ, ನೀವು 'ಎರಡು ಅಕ್ಕ' ಅಂತೀರಾ, 'ಇಬ್ಬರು ಅಕ್ಕಂದಿರು' ಅಂತೀರಾ? ಒಬ್ಬರು, ಇಬ್ಬರು ಅಂದಂತೆಯೇ ಹಿತೊರಿ, ಫುತಾರಿ. ಗೊಣಗಾಟ ನಿಲ್ಲುತ್ತದೆ. ಮೂರು ಪೆನ್ಸಿಲ್ ಬೇಕಾದವರು 'ಎಂಪಿತ್ಸು ಓ ಸಂಬೊನ್ ಕುದಸಾಯ್' ಅಂದರೆ ಮಾತ್ರ ಅಂಗಡಿಯವರು ಕೊಡಬೇಕು. ತಪ್ಪಿದರೆ ಸರತಿಯ ಹಿಂದಕ್ಕೆ. ಆಡುವಾಗ ನಡುವೆ ಬಾಯಿ ಹಾಕಿ ತಿದ್ದಬೇಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೊನೆಗೆ ಹೇಳಿ.

ನನಗೆ ತುಂಬ ಇಷ್ಟದ್ದು ಡಬ್ಬಿ ದಿನ. ಎಲ್ಲರೂ ಮನೆಯಿಂದ ಏನಾದರೂ ತಂದು ಪಕ್ಕದವರಿಗೆ 'ತಬೆತೆ ಮಿತೆ ಕುದಸಾಯ್' ಅನ್ನಬೇಕು. ತಬೆತೆ ಅಂದರೆ ತಿಂದು, ಮಿರು ಅಂದರೆ ನೋಡು. ತಿಂದು ನೋಡಿ! ನಾಲಿಗೆಯಲ್ಲಿ ರುಚಿ ನೋಡುವುದನ್ನು ಅವರೂ ಕಣ್ಣಿನ ಕ್ರಿಯಾಪದದಲ್ಲೇ ಹೇಳುತ್ತಾರೆ. ಕುಡಿದು ನೋಡಿ ಅನ್ನೋದಕ್ಕೆ 'ನೊಂದೆ ಮಿತೆ', ಕೇಳಿ ನೋಡಿ ಅನ್ನೋದಕ್ಕೆ 'ಕೀತೆ ಮಿತೆ'. ಇನ್ನೂ ಮಜಾ ಅಂದರೆ, ನಮ್ಮ 'ಕೇಳು' ಹಾಗೆಯೇ ಅವರ 'ಕಿಕು'ಗೂ ಎರಡು ಅರ್ಥ, ಕಿವಿಗೊಡುವುದು, ಪ್ರಶ್ನೆ ಹಾಕುವುದು.

ತಿಂದವರು ಬರೀ 'ಒಯಿಶೀ', ಅಂದರೆ ಚೆನ್ನಾಗಿದೆ, ಅಂತ ತಪ್ಪಿಸಿಕೊಳ್ಳುವಂತಿಲ್ಲ, ಇನ್ನೊಂದು ಮಾತು ಸೇರಿಸಲೇಬೇಕು. ಸಿಹಿಗೆ 'ಅಮಾಯ್', ಖಾರಕ್ಕೆ 'ಕರಾಯ್'. ಎರಡನೆಯದನ್ನು ನಾನು ಯಾರಿಗೂ ಹೇಳಿಕೊಟ್ಟಿಲ್ಲ, ಯಾರೋ ತಂದ ಚಟ್ನಿಪುಡಿ ಹೇಳಿಕೊಟ್ಟಿತು.