ವಿನೆಗರ್ ಬಾಟಲಿಯಲ್ಲಿ ಕೋಳಿಕಾಲು

ಮುಂಬಯಿಯ ಕನ್ನಡ ರಾತ್ರಿ ಶಾಲೆಯೊಂದರಲ್ಲಿ ಕೆಲವು ವರ್ಷ ವಿಜ್ಞಾನ ಕಲಿಸಿದೆ. ಹುಡುಗರೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವವರು. ಉಡುಪಿ, ಕುಂದಾಪುರ ಕಡೆಯವರೇ ಹೆಚ್ಚು. 'ಅಸ್ಥಿಪಂಜರವು ದೇಹಕ್ಕೆ ಆಕಾರ ಕೊಡುತ್ತದೆ' ಎಂದು ಓದಿ ಮುಗಿಸುವಷ್ಟರಲ್ಲಿ ಅರ್ಧ ಕ್ಲಾಸು ತೂಕಡಿಸುತ್ತಿತ್ತು. ಶಾಲೆಯಲ್ಲಿ ಅಸ್ಥಿಪಂಜರದ ಮಾದರಿಯೂ ಇರಲಿಲ್ಲ. ಇದ್ದದ್ದು ಅವರವರ ಮೈ.

ಸಾಂಬಾರಿನಿಂದ ಶುರು ಮಾಡಿದೆ. "ತಟ್ಟೆ ಹಿಡಿದ ಹಾಗೆ ಅಂಗೈ ಮೇಲೆ ಮಾಡ್ರೋ. ಇನ್ನೊಂದು ಕೈಲಿ ಮುಂದೋಳು ಹಿಡ್ಕೊಂಡು, ಸೌಟು ಬಗ್ಗಿಸೋ ಹಾಗೆ ತಿರುಗಿಸಿ." ಕಿರುಬೆರಳಿನ ಕಡೆಯ ಮೂಳೆ ಇದ್ದಲ್ಲೇ ಇರುತ್ತದೆ, ಹೆಬ್ಬೆರಳಿನ ಕಡೆಯದು ಅದರ ಮೇಲೆ ಅಡ್ಡಕ್ಕೆ ಹೊರಳುತ್ತದೆ. ಎಳೆಯುವುದು ಸ್ನಾಯು, ಆದರೆ ಎಳೆಯಲು ಗಟ್ಟಿಯಾದದ್ದೊಂದು ಬೇಕಲ್ಲ, ಅದೇ ಮೂಳೆ. ಒಟ್ಟು 206ರಲ್ಲಿ ಎರಡು ಕೈಗಳದ್ದೇ, ಮಣಿಕಟ್ಟು ಸೇರಿ, 54, ಪಾದಗಳದ್ದು 52. ಅರ್ಧಕ್ಕಿಂತ ಜಾಸ್ತಿ ಅಲ್ಲೇ ಮುಗಿಯಿತು! ಬುರುಡೆ ಮಿದುಳನ್ನು, ಪಕ್ಕೆಲುಬು ಎದೆಯನ್ನು ಕಾಯುವುದು ಅವರಿಗೆ ಹೇಳದೆಯೂ ಗೊತ್ತಿತ್ತು.

ಮೂಳೆ ಯಾವುದರಿಂದ ಆಗಿದೆ ಎಂದು ತೋರಿಸುವುದೇ ಕಷ್ಟ. ಉಡುಪಿ ಹೋಟೆಲಿನಲ್ಲಿ ಎಲುಬೆಲ್ಲಿಂದ ಬರಬೇಕು? ಮೀನು-ಕೋಳಿ ಹೋಟೆಲಿನವನೊಬ್ಬ ಕೋಳಿಕಾಲಿನ ಮೂಳೆ ತಂದುಕೊಟ್ಟ. ವಿನೆಗರಿನಲ್ಲಿ ಹಾಕಿ ಎರಡನೇ ದಿನವೇ ಬಗ್ಗಿಸಲು ಹೋದೆ, ಜಪ್ಪಯ್ಯ ಅನ್ನಲಿಲ್ಲ. ವಿನೆಗರ್ ಬದಲಿಸಿ ಒಂದು ವಾರ ಬಿಟ್ಟೆ. ಅದನ್ನು ಶಾಲೆಗೆ ಒಯ್ಯುವಾಗ ಲೋಕಲ್ ಟ್ರೇನಿನ ನೂಕುನುಗ್ಗಲಿನಲ್ಲಿ ಮುಚ್ಚಳ ಸಡಿಲವಾಗಿ, ಪಕ್ಕದವರು ಮೂಗು ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದರು. ಕ್ಲಾಸಿನಲ್ಲಿ ಮಾತ್ರ ಮೂಳೆ ರಬ್ಬರಿನಂತೆ ಬಾಗಿತು. ಆಮ್ಲ ಕ್ಯಾಲ್ಸಿಯಂ ಅಂಶವನ್ನು ಕರಗಿಸಿತ್ತು, ಉಳಿದದ್ದು ಕೊಲಾಜೆನ್ ನಾರು.

"ಸುಟ್ಟರೆ ಇದರ ಉಲ್ಟಾ, ನಾರು ಹೋಗಿ ಸುಣ್ಣದಂಥದ್ದು ಉಳಿಯುತ್ತೆ" ಅಂದೆ. ಹಿಂದಿನ ಬೆಂಚಿನವನು ಮೆಲ್ಲಗೆ ಹೇಳಿದ: "ಹೌದು ಸರ್. ಅಪ್ಪನ ಅಸ್ಥಿ ಆಯುವಾಗ ಬೆರಳಲ್ಲೇ ಪುಡಿಯಾಗ್ತಿತ್ತು." ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನನಗೂ ತೋಚಲಿಲ್ಲ.

ಆಮೇಲೆ ಕ್ಯಾಲ್ಸಿಯಂ ಲೆಕ್ಕ. ಮೈಯ ಕ್ಯಾಲ್ಸಿಯಂನಲ್ಲಿ ಶೇ. 99 ಎಲುಬು, ಹಲ್ಲುಗಳಲ್ಲೇ ಇದೆ. ರಕ್ತದಲ್ಲಿ ಕಮ್ಮಿಯಾದರೆ ಎಲುಬಿನಿಂದ ತೆಗೆಯುತ್ತದೆ, ಧಣಿಯ ಹತ್ತಿರ ಇಟ್ಟ ಸಂಬಳದಲ್ಲಿ ಮುಂಗಡ ತೆಗೆದ ಹಾಗೆ. ಈ ಹೋಲಿಕೆ ಅವರಿಗೆ ತಕ್ಷಣ ಹತ್ತಿತು. ರಕ್ತಕಣ ಹುಟ್ಟುವುದೂ ಮೂಳೆಯೊಳಗೇ ಅಂದಾಗ "ನಳ್ಳಿಯಲ್ಲಾ ಸರ್?" ಎಂದು ಕೇಳಿದರು. ನಳ್ಳಿ ಅಂದರೆ ಒಳಗೆ ಮೆತ್ತನೆಯ ಮಜ್ಜೆ ತುಂಬಿದ ಮಾಂಸದಂಗಡಿಯ ಉದ್ದೆಲುಬು. ಪೂರ್ತಿ ಹಾಗಲ್ಲ ಅಂದೆ. ದೊಡ್ಡವರ ಉದ್ದೆಲುಬಿನ ನಡುವೆ ಹೆಚ್ಚಾಗಿ ಕೊಬ್ಬಿನ ಮಜ್ಜೆ. ರಕ್ತದ ಕಾರ್ಖಾನೆ ಇರುವುದು ಸೊಂಟ, ಎದೆಮೂಳೆ, ಪಕ್ಕೆಲುಬು, ಬೆನ್ನೆಲುಬುಗಳಲ್ಲಿ.

ಹೊರಡುವಾಗ ಒಬ್ಬ ಕೇಳಿದ: "ದಿನಕ್ಕೆ ಹನ್ನೆರಡು ಗಂಟೆ ನಿಂತರೆ ಕಾಲಿನ ಮೂಳೆ ಸವೀತದಾ?" ಇಲ್ಲ, ಮಿತಿಯಲ್ಲಿ ಭಾರ ಬಿದ್ದರೆ ಮೂಳೆ ಗಟ್ಟಿಯಾಗುತ್ತೆ, ಸಂಜೆ ನೋಯೋದು ಹೆಚ್ಚಾಗಿ ಸ್ನಾಯು ಅಂದೆ. "ಹಾಗಾದ್ರೆ ಧಣಿಗೆ ಇದನ್ನ ಹೇಳ್ಬೇಡಿ ಸರ್" ಅಂದ.