ಅಡಿಕೆ ಮಂಡಿಯ ಲೆಕ್ಕ ಇಟ್ಟುಕೊಂಡು ಅಡ್ಮಿನ್ ಪರೀಕ್ಷೆಗೆ ಓದಿದ್ದು

ಶಿವಮೊಗ್ಗದಲ್ಲೇ ಕೂತು ಸೇಲ್ಸ್‌ಫೋರ್ಸ್ (ಕಂಪನಿಗಳು ಗ್ರಾಹಕರ, ವ್ಯವಹಾರದ ದಾಖಲೆ ಇಡುವ ಆನ್‌ಲೈನ್ ತಂತ್ರಾಂಶ) ಅಡ್ಮಿನಿಸ್ಟ್ರೇಟರ್ ಪರೀಕ್ಷೆಗೆ ಓದಬಹುದಾ ಅಂತ ಕೇಳುವವರಿಗೆ ನನ್ನ ಮಾತು ಇಷ್ಟೇ: ಖಂಡಿತ ಓದಬಹುದು, ಆದರೆ ಬರೀ ಓದಬೇಡಿ, ಕಟ್ಟಿ. ಅಭ್ಯಾಸಕ್ಕೆ ಸಿಗುವ ಡೆವಲಪರ್ ಎಡಿಷನ್ ಖಾತೆ ಪುಕ್ಕಟೆ, ಸೇಲ್ಸ್‌ಫೋರ್ಸ್‌ನದೇ ಕಲಿಕೆಯ ತಾಣ ಟ್ರೈಲ್‌ಹೆಡ್‌ನ ಪಾಠಗಳೂ ಪುಕ್ಕಟೆ. ನಿಮಗೆ ಒಳಹೊರಗು ಗೊತ್ತಿರುವ ವ್ಯವಹಾರ ಯಾವುದೋ ಅದನ್ನೇ ಆ ಖಾತೆಯೊಳಗೆ ಕಟ್ಟಬೇಕು. ನನಗೆ ಗೊತ್ತಿದ್ದದ್ದು ಅಡಿಕೆ ಮಂಡಿ. ಅಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು.

ರೈತರಿಗೆ ಒಂದು ಆಬ್ಜೆಕ್ಟ್ (ಒಂದು ಬಗೆಯ ದಾಖಲೆಗಳ ಪಟ್ಟಿ), ಅವರು ತಂದು ಇಳಿಸುವ ಲಾಟಿಗೆ ಒಂದು, ಖರೀದಿದಾರರಿಗೆ ಒಂದು. ಲಾಟಿನಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಬಗೆ ಆರಿಸುವ ಪಿಕ್‌ಲಿಸ್ಟ್. ರೈತನಿಲ್ಲದ ಲಾಟು ಇರುವುದಿಲ್ಲ, ಹಾಗಾಗಿ ಅವೆರಡರ ನಂಟು ಮಾಸ್ಟರ್-ಡೀಟೇಲ್: ರೈತ ಮಾಸ್ಟರ್, ಲಾಟು ಡೀಟೇಲ್. ಖರೀದಿದಾರ ಯಾರೆಂದು ಟೆಂಡರ್ ಆಗುವವರೆಗೆ ಗೊತ್ತಾಗುವುದಿಲ್ಲ, ಆ ಜಾಗ ಖಾಲಿ ಇರಬೇಕು, ಹಾಗಾಗಿ ಅದು ಲುಕಪ್ ಎಂಬ ಸಡಿಲ ನಂಟು. ರೈತನ ದಾಖಲೆ ಅಳಿಸಿದರೆ ಅವನ ಲಾಟುಗಳೂ ಅಳಿಯುತ್ತವೆ. ಅವನು ಹಾಕಿದ ಒಟ್ಟು ಕ್ವಿಂಟಾಲನ್ನು ರೋಲ್-ಅಪ್ ಸಮ್ಮರಿ ಫೀಲ್ಡ್ ತಾನೇ ಕೂಡಿಕೊಡುತ್ತದೆ. ಹೀಗೆ ಕಟ್ಟಿದ ಮೇಲೆ ಈ ಭಾಗವನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳಲಿಲ್ಲ.

ಹೆಚ್ಚು ಸಮಯ ಕೊಡಬೇಕಾದದ್ದು ಯಾರಿಗೆ ಏನು ಕಾಣಬೇಕು ಎಂಬುದಕ್ಕೆ. ತೂಕ ಬರೆಯುವ ಅಣ್ಣನಿಗೆ ಖಾತೆಯಲ್ಲಿ ಕಟ್ಟಿದ ನನ್ನ ಮಂಡಿಯನ್ನು ತೋರಿಸಿದಾಗ ಅವರು ಮೊದಲು ಕೇಳಿದ್ದೇ, "ಅಲ್ಲ ತಂಗಿ, ನಮ್ಮ ರೈತನ ತೂಕವನ್ನ ಸಾಗರದ ಶಾಖೆಯವರು ತಿದ್ದಿಬಿಟ್ರೆ ಎಂತ ಮಾಡೋದು?" ಪರೀಕ್ಷೆ ಕೇಳುವುದೂ ಇಂಥದ್ದನ್ನೇ. ಎಲ್ಲರಿಗೂ ಮೊದಲಿಗೆ ಅನ್ವಯಿಸುವ ಆರ್ಗ್-ವೈಡ್ ಡೀಫಾಲ್ಟ್‌ನಲ್ಲಿ ರೈತರನ್ನು ಪ್ರೈವೇಟ್ ಮಾಡಿದೆ. ಗುಮಾಸ್ತ ನಮೂದಿಸಿದ್ದು ಅವನಿಗೂ, ರೋಲ್ ಹೈರಾರ್ಕಿಯಲ್ಲಿ (ಹುದ್ದೆಗಳ ಶ್ರೇಣಿಯಲ್ಲಿ) ಅವನ ಮೇಲಿರುವ ಮ್ಯಾನೇಜರಿಗೂ ಕಾಣುತ್ತದೆ. ಸಾಗರದವರಿಗೆ ಶೇರಿಂಗ್ ರೂಲ್ (ಇನ್ನೊಬ್ಬರ ದಾಖಲೆ ಹಂಚುವ ನಿಯಮ) ಬರೆದು ರೀಡ್ ಓನ್ಲಿ ಕೊಟ್ಟೆ. ಲಾಟಿನ ಹಕ್ಕು ಮಾಸ್ಟರನ್ನು ಅನುಸರಿಸುತ್ತದೆ. ಮಾಸ್ಟರ್-ಡೀಟೇಲ್ ಫೀಲ್ಡಿನಲ್ಲಿ ರೀಡ್/ರೈಟ್ ಆಯ್ದಿದ್ದರಿಂದ (ಅಂದರೆ ಲಾಟು ತಿದ್ದಲು ರೈತನ ದಾಖಲೆ ತಿದ್ದುವ ಹಕ್ಕು ಬೇಕು) ಅವರು ತೂಕ ನೋಡಬಹುದು, ತಿದ್ದಲಾಗದು. ಶೇರಿಂಗ್ ರೂಲ್ ಬಾಗಿಲು ತೆರೆಯುತ್ತದೆಯೇ ಹೊರತು ಮುಚ್ಚುವುದಿಲ್ಲ. ಇನ್ನು ಬಳಕೆದಾರನ ಹಕ್ಕುಗಳನ್ನು ಹೇಳುವ ಪ್ರೊಫೈಲ್ ಅಥವಾ ಪರ್ಮಿಷನ್ ಸೆಟ್‌ನಲ್ಲಿ ಆ ಆಬ್ಜೆಕ್ಟನ್ನು ಓದುವ ಹಕ್ಕೇ ಇಲ್ಲದಿದ್ದರೆ ಯಾವ ಶೇರಿಂಗ್ ರೂಲೂ ಕೆಲಸಕ್ಕೆ ಬಾರದು. ಒಂದೊಂದು ಬದಲಾವಣೆ ಮಾಡಿದಾಗಲೂ ಗುಮಾಸ್ತನ ಹೆಸರಲ್ಲಿ ಲಾಗಿನ್ ಆಗಿ ಕಣ್ಣಾರೆ ನೋಡಿ. ಓದಿ ಅರ್ಥವಾಯಿತು ಅಂದುಕೊಂಡದ್ದು ಎಷ್ಟು ನಿಜ ಅಂತ ಆಗ ಗೊತ್ತಾಗುತ್ತದೆ.

ತಪ್ಪು ನಮೂದನ್ನು ತಡೆಯುವ ವ್ಯಾಲಿಡೇಷನ್ ರೂಲಿನಲ್ಲಿ ಬರೆಯುವುದು ತಪ್ಪಿನ ಷರತ್ತು: ತೂಕ ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಎಂಬುದು ನಿಜವಾದರೆ ದಾಖಲೆ ಉಳಿಯುವುದಿಲ್ಲ. ದಾಖಲೆಗಳನ್ನು ಒಟ್ಟಿಗೆ ತುಂಬಿಸುವ ಡೇಟಾ ಇಂಪೋರ್ಟ್ ವಿಝಾರ್ಡ್ ಒಂದು ಸಲಕ್ಕೆ 50,000 ದಾಖಲೆಗಳವರೆಗೆ ತೆಗೆದುಕೊಳ್ಳುತ್ತದೆ. ಅದಕ್ಕೂ ಹೆಚ್ಚಿದ್ದರೆ, ಅಥವಾ ಎಕ್ಸ್‌ಪೋರ್ಟ್, ಡಿಲೀಟ್ ಬೇಕಿದ್ದರೆ ಡೇಟಾ ಲೋಡರ್ ಎಂಬ ಇನ್ನೊಂದು ಸಾಧನ. ನಾನು ತುಂಬಿಸಿದ್ದು ಕಲ್ಪಿತ ಹೆಸರುಗಳನ್ನು. ನಿಜವಾದ ರೈತರ ಲೆಕ್ಕ ಅಭ್ಯಾಸಕ್ಕೆ ಬಳಸುವ ವಸ್ತುವಲ್ಲ.

ಪ್ರಶ್ನೆಗಳ ಡಂಪ್ (ಪರೀಕ್ಷೆಯಿಂದ ಸೋರಿದ ಪ್ರಶ್ನೆಗಳ ಸಂಗ್ರಹ) ಮಾರುವವರಿಂದ ದಯವಿಟ್ಟು ದೂರ ಇರಿ. ಅದು ಪರೀಕ್ಷೆಯ ನಿಯಮಕ್ಕೇ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ನಾಳೆ ಕೆಲಸಕ್ಕೆ ಸೇರಿದ ಕಡೆ ಒಬ್ಬರ ದಾಖಲೆ ಇನ್ನೊಬ್ಬರಿಗೆ ಕಂಡರೆ ಉತ್ತರ ಕೊಡಬೇಕಾದವರು ನೀವೇ.

ನಾನು ಬರೆದಾಗ 60 ಪ್ರಶ್ನೆ, 105 ನಿಮಿಷ, ತೇರ್ಗಡೆಗೆ ಶೇ. 65. ಶುಲ್ಕ 200 ಡಾಲರ್, ತೆರಿಗೆ ಬೇರೆ. ನಮ್ಮಲ್ಲಿ ಅದು ಸಣ್ಣ ಮೊತ್ತವಲ್ಲ, ಅದಕ್ಕೇ ತಯಾರಿ ಪಕ್ಕಾ ಆದ ಮೇಲೇ ಕಟ್ಟಿ. ಮನೆಯಿಂದಲೂ ಬರೆಯಬಹುದು, ವೆಬ್‌ಕ್ಯಾಮ್ ಕಾವಲಿನಲ್ಲಿ. ಆದರೆ ನಮ್ಮ ಕಡೆ ಆಷಾಢದ ಮಳೆಗೆ ಕರೆಂಟೂ ನೆಟ್ಟೂ ಒಟ್ಟಿಗೇ ಹೋಗುತ್ತವೆ. ಹಾಗಾಗಿ ರೈಲು ಹತ್ತಿ ಬೆಂಗಳೂರಿನ ಕೇಂದ್ರಕ್ಕೇ ಹೋದೆ. ಎಷ್ಟು ಉತ್ತರ ಆರಿಸಬೇಕೆಂದು ಪ್ರಶ್ನೆಯಲ್ಲೇ ಇರುತ್ತದೆ, ಗಮನಿಸಿ. ಅನುಮಾನ ಬಂದದ್ದಕ್ಕೆ ಗುರುತು ಹಾಕಿ ಮುಂದೆ ಹೋಗಿ, ಕೊನೆಯಲ್ಲಿ ಮತ್ತೆ ನೋಡಬಹುದು.

ಪಾಸಾದ ಮೇಲೆ ಟ್ರೈಲ್‌ಹೆಡ್‌ನಲ್ಲಿ ವರ್ಷಕ್ಕೊಮ್ಮೆ ಬರುವ ಮೇಂಟೆನೆನ್ಸ್ ಮಾಡ್ಯೂಲನ್ನು ಕಡೆಯ ದಿನದೊಳಗೆ ಮುಗಿಸಿ. ಅದಕ್ಕೆ ದುಡ್ಡಿಲ್ಲ, ಆದರೆ ಬಿಟ್ಟರೆ ಸರ್ಟಿಫಿಕೇಟ್ ಕೈತಪ್ಪುತ್ತದೆ.