ನನ್ನ ಲಾಂಚರ್‌ಗೆ ಬರೆದ ಚಿಲ್ಲರೆ ಫಂಕ್ಷನ್‌ಗಳು

ವೆಬ್ ಆ್ಯಪ್‌ಗಳನ್ನು ಒಟ್ಟಿಗೆ ಎಬ್ಬಿಸಿ, ಒಟ್ಟಿಗೆ ನಿಲ್ಲಿಸುವ ನನ್ನ ಲಾಂಚರ್‌ಗೆ ಇನ್ನೂರು ಚಿಲ್ಲರೆ ಸಾಲಿನ ಒಂದು ಯುಟಿಲ್ಸ್ (ಸಹಾಯಕ ಫಂಕ್ಷನ್‌ಗಳ) ಫೈಲ್. ಇದಕ್ಕೆ ಯಾಕಿಷ್ಟು ಒದ್ದಾಟ, ಎಲ್ಲವನ್ನೂ ಕಂಟೇನರ್‌ಗೆ (ಆ್ಯಪ್ ಮತ್ತು ಅದಕ್ಕೆ ಬೇಕಾದ್ದನ್ನೆಲ್ಲ ಕಟ್ಟಿಡುವ ಪೊಟ್ಟಣಕ್ಕೆ) ಹಾಕಿ ಕೈತೊಳೆದುಕೋ ಅಂತ ಹೇಳದವರಿಲ್ಲ. ಈಗ ನಾಲ್ಕು ವೆಬ್ ಆ್ಯಪ್ ಒಂದೇ ಕಮಾಂಡಿಗೆ ಏಳುತ್ತವೆ, ಕಂಟ್ರೋಲ್-ಸಿ ಒತ್ತಿದರೆ ನಾಲ್ಕೂ ನಿಲ್ಲುತ್ತವೆ. ಅನುಮಾನಪಟ್ಟವರೇ ಫೈಲ್ ಕಾಪಿ ಮಾಡಿಕೊಂಡು ಹೋದರು.

ಮೊದಲು ತಲೆ ತಿಂದದ್ದು ಪೋರ್ಟ್, ಅಂದರೆ ಆ್ಯಪ್ ಸಂಪರ್ಕಕ್ಕೆ ಕಾಯುವ ಬಾಗಿಲಿನ ನಂಬರು. 3000ದಿಂದ ಒಂದೊಂದೇ ಏರಿಸುತ್ತಾ ಖಾಲಿ ಪೋರ್ಟ್ ಹುಡುಕುವ ಫಂಕ್ಷನ್ ಒಂದು ಆ್ಯಪ್‌ಗೆ ಸಾಕು. ನಾಲ್ಕನ್ನು ಒಟ್ಟಿಗೆ ಎಬ್ಬಿಸಿದರೆ ಎರಡಕ್ಕೆ ಒಂದೇ ಪೋರ್ಟ್ ಖಾಲಿ ಕಾಣುತ್ತದೆ. ಪೋರ್ಟ್ 0 ಕೇಳಿದರೆ ಓಎಸ್ ತಾನೇ ಆರಿಸಿ ಕೊಡುತ್ತದೆ, ನಿಜ. ಆದರೆ ಹಾಗೆ ಹಿಡಿದ ಸಾಕೆಟ್ (ಆ ಪೋರ್ಟ್‌ನ ಸಂಪರ್ಕ ತುದಿ) ಮುಚ್ಚಿ ನಂಬರನ್ನು ಆ್ಯಪ್‌ಗೆ ದಾಟಿಸುವಷ್ಟರಲ್ಲಿ ಇನ್ನೊಂದು ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಂ) ನುಗ್ಗಬಹುದು. ಆ ಸಂದನ್ನು ಹೇಗೆ ಮುಚ್ಚಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಲಾಕ್ ಫೈಲ್ ಅಂತೂ ಅಲ್ಲ. ಮ್ಯಾಕ್‌ನಲ್ಲಿ 5000ವನ್ನು ಏರ್‌ಪ್ಲೇ (ಆಪಲ್‌ನ ಆಡಿಯೋ-ವಿಡಿಯೋ ಹಂಚಿಕೆ) ಹಿಡಿದು ಕೂತಿರುತ್ತದೆ, 6000 ಕೊಟ್ಟರೆ ಕ್ರೋಮ್ ಅಸುರಕ್ಷಿತ ಅಂತ ತೆರೆಯುವುದೇ ಇಲ್ಲ. ಇಂಥವನ್ನು ಮೊದಲೇ ಪಟ್ಟಿಯಿಂದ ತೆಗೆದಿಡಿ.

ಆ್ಯಪ್ ಎದ್ದಿದೆಯೋ ಇಲ್ಲವೋ ತಿಳಿಯಲು 'ಸ್ಲೀಪ್ 10' (ಹತ್ತು ಸೆಕೆಂಡ್ ಸುಮ್ಮನೆ ಕಾಯುವ ಕಮಾಂಡ್) ಹಾಕುವವರೇ ಹೆಚ್ಚು. ನಿಧಾನದ ಮಷಿನ್‌ನಲ್ಲಿ ಅದು ಸಾಲದು, ವೇಗದ್ದರಲ್ಲಿ ದಂಡ. ಲಾಗ್‌ನಲ್ಲಿ 'ಲಿಸನಿಂಗ್' ಸಾಲು ಬರುವವರೆಗೆ ಕಾಯುವುದೂ ಕೈಕೊಟ್ಟಿತು: ಪೈಥಾನ್‌ನ ಪ್ರಿಂಟ್ ಪೈಪ್‌ಗೆ (ಟರ್ಮಿನಲ್ ಬದಲು ಇನ್ನೊಂದು ಪ್ರೋಗ್ರಾಂಗೆ) ಹೋದರೆ ಬಫರ್‌ನಲ್ಲೇ, ಅಂದರೆ ತಾತ್ಕಾಲಿಕ ಸಂಗ್ರಹದಲ್ಲೇ, ಉಳಿಯುತ್ತದೆ, ಸರ್ವರ್ ಎದ್ದಿದ್ದರೂ ಸಾಲು ಬರುವುದಿಲ್ಲ. ಕೊನೆಗೆ ಉಳಿದದ್ದು ಎಚ್‌ಟಿಟಿಪಿ ವಿನಂತಿ ಕಳಿಸಿ ತಟ್ಟಿ ನೋಡುವುದೇ. ತಟ್ಟುವ ನಡುವಿನ ಕಾಯುವಿಕೆ 100 ಮಿಲಿಸೆಕೆಂಡ್‌ನಿಂದ ಶುರು, ಪ್ರತಿ ಸಲ ದುಪ್ಪಟ್ಟು, 2 ಸೆಕೆಂಡ್‌ಗೆ ಮಿತಿ. ಜೊತೆಗೆ ಪ್ರೋಸೆಸ್ ಸತ್ತಿದೆಯಾ ಅಂತಲೂ ನೋಡಬೇಕು, ಇಲ್ಲದಿದ್ದರೆ ಹೆಣಕ್ಕಾಗಿ ಅರ್ಧ ನಿಮಿಷ ಕಾಯುತ್ತೀರಿ. ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) 17ರಿಂದ ಲೋಕಲ್‌ಹೋಸ್ಟ್ (ಇದೇ ಮಷಿನ್) ಅಂದರೆ ಐಪಿವಿ6 ವಿಳಾಸವಾದ ::1 ಮೊದಲು ಸಿಗಬಹುದು, ಸರ್ವರ್ ಮಾತ್ರ ಐಪಿವಿ4 ವಿಳಾಸವಾದ 127.0.0.1ರಲ್ಲಿ ಕೂತಿರುತ್ತದೆ. ನನ್ನದು ಎರಡನ್ನೂ ತಟ್ಟುತ್ತದೆ.

ದುಡ್ಡು ಸೋರಿದ್ದು ನಿಲ್ಲಿಸುವ ಕಡೆ. ಎನ್‌ಪಿಎಂ (ನೋಡ್‌ನ ಪ್ಯಾಕೇಜ್ ಟೂಲ್) ಒಂದು ಶೆಲ್ (ಕಮಾಂಡ್ ಓಡಿಸುವ ಪ್ರೋಗ್ರಾಂ) ಎಬ್ಬಿಸುತ್ತದೆ, ಶೆಲ್ ನೋಡ್ ಎಬ್ಬಿಸುತ್ತದೆ. ಮೇಲಿನದಕ್ಕೆ ಸಿಗ್‌ಟರ್ಮ್ (ನಿಲ್ಲು ಅನ್ನುವ ಸಂಕೇತ) ಕಳಿಸಿದರೆ ಕೆಳಗಿನದು ಅನಾಥವಾಗಿ ಓಡುತ್ತಲೇ ಇರುತ್ತದೆ, ಸಿಐನ (ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ಬಾಡಿಗೆ ಮಷಿನ್‌ನ) ಔಟ್‌ಪುಟ್ ಪೈಪ್ ಹಿಡಿದುಕೊಂಡು. ಟೆಸ್ಟ್ ಮುಗಿದರೂ ಜಾಬ್ ಟೈಮ್‌ಔಟ್‌ವರೆಗೆ ಮುಗಿಯುವುದಿಲ್ಲ. ಬಿಲ್ ನಿಮಿಷದ ಲೆಕ್ಕ! ಈಗ ಪ್ರತಿ ಆ್ಯಪ್‌ಗೂ ಬೇರೆ ಪ್ರೋಸೆಸ್ ಗ್ರೂಪ್ ಮಾಡಿ, ಇಡೀ ಗ್ರೂಪಿಗೆ ತಲುಪಲೆಂದು ಮೈನಸ್ ಹಚ್ಚಿದ ಪಿಐಡಿಗೆ (ಪ್ರೋಸೆಸ್ ನಂಬರಿಗೆ) ಸಿಗ್‌ಟರ್ಮ್, 5 ಸೆಕೆಂಡ್ ಬಿಟ್ಟು ಸಿಗ್‌ಕಿಲ್ (ಬಲವಂತದ ನಿಲುಗಡೆ). ಹೀಗೆ ಮಾಡಿದರೆ ಕಂಟ್ರೋಲ್-ಸಿ ನೇರ ತಲುಪುವುದಿಲ್ಲ, ಲಾಂಚರೇ ದಾಟಿಸಬೇಕು. ವಿಂಡೋಸ್‌ನಲ್ಲಿ ಟಾಸ್ಕ್‌ಕಿಲ್‌ಗೆ ಟಿ (ಕೆಳಗಿನವೂ ಸೇರಿ) ಮತ್ತು ಎಫ್ (ಬಲವಂತವಾಗಿ) ಸ್ವಿಚ್ ಕೊಟ್ಟು ಮುಗಿಸಿದೆ. ಸಿಐ ಬಿಲ್ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಇಳಿಯಿತು.

ನಡುವೆ ಒಂದು ಅಡ್ಡಪ್ರಯೋಗ. ಕುಕೀಗಳಿಗೆ ಪೋರ್ಟ್ ಭೇದವಿಲ್ಲ, ಹಾಗಾಗಿ ಒಂದು ಆ್ಯಪ್‌ನ ಲಾಗಿನ್ ಇನ್ನೊಂದನ್ನು ಹೊರಗೆ ಹಾಕುತ್ತಿತ್ತು. ಪ್ರತಿಯೊಂದಕ್ಕೂ ಅದರ ಹೆಸರಾದ ಮೇಲೆ ಚುಕ್ಕೆ ಇಟ್ಟು ಲೋಕಲ್‌ಹೋಸ್ಟ್ ಸೇರಿಸಿ ವಿಳಾಸ ಕೊಟ್ಟೆ. ಕ್ರೋಮ್, ಫೈರ್‌ಫಾಕ್ಸ್ ಅದನ್ನು ತಾವೇ ಲೂಪ್‌ಬ್ಯಾಕ್‌ಗೆ (ಇದೇ ಮಷಿನ್‌ನ ವಿಳಾಸಕ್ಕೆ) ಒಯ್ಯುತ್ತವೆ, ಹೆಸರು-ವಿಳಾಸ ಬರೆದಿಡುವ ಹೋಸ್ಟ್ಸ್ ಫೈಲ್ ಮುಟ್ಟಬೇಕಿಲ್ಲ. ಬ್ರೌಸರ್ ತಾನಾಗಿ ತೆರೆಯುವ ಫಂಕ್ಷನ್ನೂ ಇದೆ. ಎಸ್‌ಎಸ್‌ಎಚ್‌ನಲ್ಲಿದ್ದರೆ (ದೂರದ ಮಷಿನ್‌ಗೆ ಲಾಗಿನ್ ಆಗಿದ್ದರೆ) ಅದು ಸುಮ್ಮನೆ ಯುಆರ್‌ಎಲ್ ಅಚ್ಚುಹಾಕುತ್ತದೆ.